ಗಟಾರದ ಕಡೆ ವಾಲಿದ ದೋಸೆ

ಮುಂಬಯಿಯ ಹಳೇ ಕನ್ನಡಿಗರಿಗೆ ದೋಸೆ ಅಂದರೆ ಮಾಟುಂಗಾದ ಉಡುಪಿ ಹೋಟೆಲು. ಗಾಡಿಯ ದೋಸೆ ಅಂದರೆ ಹೊಟ್ಟೆನೋವು. ಅದೇ ಗಾಡಿ ಹಳದಿ ಬಣ್ಣ ಬಳಿದುಕೊಂಡು, ಸಾಲುದೀಪ ತೂಗಿಸಿಕೊಂಡು ‘ಫುಡ್ ಟ್ರಕ್’ ಆದದ್ದೇ ತಡ, ಅಜ್ಜಂದಿರೂ ಮೊಮ್ಮಕ್ಕಳ ಜೊತೆ ಚಪ್ಪಲಿ ಮೆಟ್ಟಿ ಹೊರಡುತ್ತಾರೆ. 2005ರಲ್ಲಿ ಬಂದ ಟಾಟಾ ಏಸ್ ಎಂಬ ಪುಟ್ಟ ಸರಕು ವ್ಯಾನು, ಜನರ ಬಾಯಲ್ಲಿ ‘ಛೋಟಾ ಹಾಥಿ’, ಮೂಟೆ ಹೊರಲು ಹುಟ್ಟಿದ್ದು. ಬೆನ್ನ ಮೇಲೆ ಕಾವಲಿ ಏರಿದ್ದು ಅದರ ಪುಣ್ಯ.

ಬಣ್ಣದಿಂದಲೇ ಮರ್ಯಾದೆ ಬಂತು ಅನ್ನುವುದು ಅರ್ಧ ಸತ್ಯ. ಹೋಟೆಲಿನ ಅಡುಗೆಮನೆ ಗೋಡೆಯ ಹಿಂದಿರುತ್ತದೆ. ಇಲ್ಲಿ ಹಿಟ್ಟು, ಬೆಣ್ಣೆ, ಹುಯ್ಯುವ ಕೈ ಎಲ್ಲವೂ ಎದುರಿಗೇ. ಗಾಡಿಯ ಮೈಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಇರುತ್ತದೆ. ಆದರೆ ಮೊದಲು ನೋಡಬೇಕಾದ್ದು ನೀರನ್ನು. ಕೈಗೂ ಪಾತ್ರೆಗೂ ಒಂದೇ ಬಕೆಟ್ಟಾದರೆ ಮುಂದಿನ ಗಾಡಿಗೆ ಹೋಗುವುದು ಮೇಲು.

ವ್ಯಾನಿನ ದೋಸೆಗೆ ಹೋಟೆಲಿನದಕ್ಕಿಲ್ಲದ ಒಂದು ಕಷ್ಟವಿದೆ: ನೆಲ. ಮಳೆನೀರು ಹರಿಯಲೆಂದು ರಸ್ತೆಯಂಚು ಗಟಾರದ ಕಡೆ ಇಳಿಜಾರು. ಅಲ್ಲಿ ನಿಂತರೆ ಕಾವಲಿಯೂ ವಾಲುತ್ತದೆ. ಎಣ್ಣೆ ಒಂದು ಮೂಲೆ ಸೇರುತ್ತದೆ, ಹಿಟ್ಟು ಅತ್ತ ದಪ್ಪ, ಇತ್ತ ಕಾಗದ. ಒಂದು ಬದಿ ಸೀಯುವಾಗ ಇನ್ನೊಂದು ಬದಿ ಇನ್ನೂ ಹಸಿ. ಬಲ್ಲವರು ಒಲೆ ಹಚ್ಚುವ ಮೊದಲೇ ಕಾವಲಿಯ ಮೇಲೆ ಒಂದು ಚಮಚ ನೀರು ಬಿಟ್ಟು ನೋಡುತ್ತಾರೆ. ಅದು ಹರಿದ ಕಡೆಯ ಚಕ್ರ ಹಲಗೆ ಹತ್ತುತ್ತದೆ. ಆಮೇಲೂ ಉಳಿದ ಓರೆಗೆ ಒಲೆಯ ಕಾಲಡಿ ತಗಡಿನ ಚೂರು.

ದಪ್ಪ ಕಬ್ಬಿಣದ ಕಾವಲಿ ಕಾಯಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಗಿರಾಕಿ ಬಂದನೆಂದು ಆತುರಪಟ್ಟರೆ ಮೊದಲ ದೋಸೆ ಅಂಟಿಕೊಳ್ಳುತ್ತದೆ. ಅತಿಯಾಗಿ ಕಾದರೆ ಹಿಟ್ಟು ಹರಡದೆ ಸೌಟಿನ ತಳಕ್ಕೇ ಸುತ್ತಿಕೊಂಡು ಬರುತ್ತದೆ. ಅದಕ್ಕೇ ಪ್ರತಿ ದೋಸೆಗೆ ಮುಂಚೆ ನೀರು ಚಿಮುಕಿಸಿ, ಚುರ್ ಅಂದಮೇಲೆ ಒರೆಸುವುದು. ಅದು ಗತ್ತಿಗಲ್ಲ, ಬಿಸಿ ಇಳಿಸಲು.

ಮೂರು ಪಾಲು ಅಕ್ಕಿ, ಒಂದು ಪಾಲು ಉದ್ದು, ಚಿಟಿಕೆ ಮೆಂತ್ಯ. ಮೇ ತಿಂಗಳ ಸೆಕೆಗೆ ಆರೇಳು ಗಂಟೆಯಲ್ಲಿ ಉಬ್ಬುವ ಹಿಟ್ಟು, ಜನವರಿಯಲ್ಲಿ ಹತ್ತು ಹನ್ನೆರಡು ಗಂಟೆ ಕೇಳುತ್ತದೆ. ಮಧ್ಯಾಹ್ನದ ವ್ಯಾನಿನೊಳಗೆ ಬೇಕರಿ ಒಲೆಯ ಶಾಖ. ಆದ್ದರಿಂದ ಸಣ್ಣ ಪಾತ್ರೆಯಷ್ಟು ಹಿಟ್ಟು ಹೊರಗೆ, ಉಳಿದದ್ದು ಐಸ್ ಪೆಟ್ಟಿಗೆಗೆ. ಕಾಯಿಚಟ್ನಿಯಂತೂ ಮೂರ್ನಾಲ್ಕು ಗಂಟೆಯಲ್ಲಿ ಮುಖ ಸಿಂಡರಿಸುತ್ತದೆ. ಎರಡು ಕಂತಿನಲ್ಲಿ ರುಬ್ಬದೆ ಗತಿಯಿಲ್ಲ.

ಇಲ್ಲಿನ ‘ಮೈಸೂರ್ ಮಸಾಲಾ’ವನ್ನು ಮೈಸೂರಿನವರು ಗುರುತು ಹಿಡಿಯಲಾರರು. ಕಾವಲಿಯ ಮೇಲಿನ ದೋಸೆಯ ಬೆನ್ನ ಮೇಲೇ ಬೆಣ್ಣೆ, ಟೊಮೆಟೊ, ದೊಣ್ಣೆಮೆಣಸು, ಆಲೂಗಡ್ಡೆ ಎಲ್ಲವನ್ನೂ ಪಾವ್‌ಭಾಜಿಯಂತೆ ಜಜ್ಜುತ್ತಾರೆ. ರುಚಿಗೆ ತಕರಾರಿಲ್ಲ, ತಕರಾರು ಹೆಸರಿಗೆ.

ಇಷ್ಟೆಲ್ಲ ಮಾಡಿಯೂ ರಾತ್ರಿಯ ಹೊತ್ತಿಗೆ ತಳದ ಹಿಟ್ಟು ಹುಳಿಯೇರುತ್ತದೆ. ಆಗ ಅದಕ್ಕೆ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಉದುರಿಸಿ ದಪ್ಪಗೆ ಹುಯ್ಯುತ್ತಾರೆ. ಹೆಸರು ಉತ್ತಪ್ಪ, ಬೆಲೆ ದೋಸೆಗಿಂತ ಹತ್ತು ರೂಪಾಯಿ ಜಾಸ್ತಿ.