ಸರ್ಕಾರಿ ಕಂಪ್ಯೂಟರ್ ಖರೀದಿಗೆ ಪರಿಸರ ಮುದ್ರೆ ಕಡ್ಡಾಯವಾಗಬೇಕೆ?

ಪರ

ರಾಯಚೂರಿನ ಒಂದು ಕಾಲೇಜು ನಲವತ್ತು ಕಂಪ್ಯೂಟರ್ ಕೊಳ್ಳುತ್ತದೆ ಎಂದುಕೊಳ್ಳೋಣ. ಟೆಂಡರಿನಲ್ಲಿ ಪ್ರೊಸೆಸರ್, ಮೆಮೊರಿ, ವಾರಂಟಿ, ದರ ಎಲ್ಲವೂ ಸ್ಪಷ್ಟವಾಗಿರುತ್ತವೆ. ಆದರೆ ಬೆಸುಗೆಯಲ್ಲಿ ಸೀಸವೆಷ್ಟು, ಯಾರೂ ಮುಟ್ಟದೆ ಬಿಟ್ಟಾಗ ಯಂತ್ರ ಎಷ್ಟು ವಿದ್ಯುತ್ ಎಳೆಯುತ್ತದೆ, ಆಯುಷ್ಯ ಮುಗಿದ ಮೇಲೆ ಅದನ್ನು ಯಾರು ಹಿಂದಕ್ಕೆ ಪಡೆಯುತ್ತಾರೆ ಎಂಬುದು ಡಬ್ಬಿ ಬಿಚ್ಚಿ ನೋಡಿದರೂ ತಿಳಿಯುವುದಿಲ್ಲ. ಕೊಳ್ಳುವವರ ಪರವಾಗಿ ಈ ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆಯುವುದೇ ಪರಿಸರ ಮುದ್ರೆಯ ಕೆಲಸ.

ಅಮೆರಿಕದಲ್ಲಿ 2006ರಲ್ಲಿ ಆರಂಭವಾದ ಇಪೀಟ್ ಎಂಬ ಪದ್ಧತಿ ಇದನ್ನು ಲೆಕ್ಕಕ್ಕೆ ತಂದಿತು. ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ 1680 ಮಾನದಂಡದ ಮೇಲೆ ನಿಂತ ಅದರಲ್ಲಿ ಮೊದಲಿಗೆ 51 ಅಂಶಗಳಿದ್ದವು. ಕಡ್ಡಾಯವಾದ 23ನ್ನೂ ಪೂರೈಸಿದರೆ ಕಂಚು, ಐಚ್ಛಿಕ ಅಂಶಗಳಲ್ಲಿ ಅರ್ಧ ಪೂರೈಸಿದರೆ ಬೆಳ್ಳಿ, ಮುಕ್ಕಾಲು ಪಾಲು ಪೂರೈಸಿದರೆ ಚಿನ್ನ. ಈ ಮುದ್ರೆಗೆ ಬಲ ಬಂದದ್ದು ಸರ್ಕಾರದ ಖರೀದಿಯಿಂದ. 2012ರ ಜುಲೈನಲ್ಲಿ ಆಪಲ್ ತನ್ನ ಕಂಪ್ಯೂಟರ್‌ಗಳನ್ನು ಇಪೀಟ್ ಪಟ್ಟಿಯಿಂದ ಹಿಂತೆಗೆದುಕೊಂಡಾಗ, ಇನ್ನು ಅವನ್ನು ಕೊಳ್ಳುವುದಿಲ್ಲವೆಂದು ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತ ಹೇಳಿತು; ಕೆಲವೇ ದಿನಗಳಲ್ಲಿ ಕಂಪನಿ ಪಟ್ಟಿಗೆ ಮರಳಿತು. ದೊಡ್ಡ ಗಿರಾಕಿ ಪಟ್ಟು ಹಿಡಿದರೆ ತಯಾರಕರು ಕಿವಿಗೊಡುತ್ತಾರೆ, ಮತ್ತು ನಮ್ಮಲ್ಲಿ ಸರ್ಕಾರಕ್ಕಿಂತ ದೊಡ್ಡ ಗಿರಾಕಿ ಇಲ್ಲ.

ಈ ಜಿಲ್ಲೆಯವರಿಗೆ ಇದು ದೂರದ ಮಾತಲ್ಲ. ಹಟ್ಟಿಯಲ್ಲಿ ಒಂದು ಟನ್ ಅದಿರನ್ನು ನೆಲದಾಳದಿಂದ ಮೇಲೆತ್ತಿ ಪುಡಿಮಾಡಿದರೆ ದಕ್ಕುವುದು ಕೆಲವೇ ಗ್ರಾಂ ಚಿನ್ನ. ಅಷ್ಟೇ ತೂಕದ ಕಂಪ್ಯೂಟರ್ ಬೋರ್ಡ್‌ಗಳಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ಅಂಥ ಬೋರ್ಡ್‌ಗಳು ಗುಜರಿ ತಕ್ಕಡಿ ಏರಿ, ತಾಮ್ರಕ್ಕಾಗಿ ವೈರ್ ಸುಡುವವರ ಕೈಸೇರುವುದನ್ನು ನೋಡಿ ನನಗೆ ಸಂಕಟವಾಗಿದೆ. ಹಳೆಯದನ್ನು ತಯಾರಕನೇ ವಾಪಸು ಪಡೆಯಬೇಕೆಂಬ ಷರತ್ತನ್ನು ಖರೀದಿಯ ದಿನವೇ ಬರೆಸಿಕೊಳ್ಳುವುದಕ್ಕೆ ಮುದ್ರೆಗಿಂತ ಸುಲಭದ ದಾರಿ ನನಗೆ ಕಾಣುತ್ತಿಲ್ಲ.

ವಿರೋಧ

ತೀನ್ ಕಂದೀಲ್ ಹತ್ತಿರದ ರಿಪೇರಿ ಅಂಗಡಿಯೊಂದರಲ್ಲಿ ಕಳೆದ ಬೇಸಿಗೆ ನನ್ನ ಲ್ಯಾಪ್‌ಟಾಪ್ ಬಿಚ್ಚಿಸಿದೆ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಮೇಲಕ್ಕೆ ತಳ್ಳಿತ್ತು. ಅದನ್ನು ಅಂಟಿನಿಂದ ಕೂರಿಸಿದ್ದರು. ಹುಡುಗ ಬಿಸಿಗಾಳಿ ಹಾಯಿಸಿ, ಪ್ಲಾಸ್ಟಿಕ್ ಪಟ್ಟಿಯನ್ನು ಒಂದೊಂದು ಕೂದಲೆಳೆಯಷ್ಟೇ ಒಳಗೆ ತೂರಿಸುತ್ತ, ಎಲ್ಲಿ ಹೊಗೆ ಏಳುವುದೋ ಎಂದು ಉಸಿರು ಬಿಗಿಹಿಡಿದಿದ್ದ. ಮೆಮೊರಿ ಹೆಚ್ಚಿಸಲು ಕೇಳಿದೆ. ಅದು ಬೋರ್ಡಿಗೇ ಬೆಸೆದುಕೊಂಡಿತ್ತು. ಕೊಳ್ಳುವಾಗ ಆ ಡಬ್ಬಿಯ ಮೇಲೆ ಹಸಿರು ಮುದ್ರೆ ಇತ್ತು.

ಇದು ನನ್ನೊಬ್ಬನ ದುರದೃಷ್ಟವಲ್ಲ. ಬ್ಯಾಟರಿ ಅಂಟಿಸಿದ್ದ ಆಪಲ್‌ನ ರೆಟಿನಾ ಮ್ಯಾಕ್‌ಬುಕ್ ಪ್ರೊ ಲ್ಯಾಪ್‌ಟಾಪ್ ಮಾನದಂಡಕ್ಕೆ ಹೊಂದುತ್ತದೆ ಎಂದು 2012ರ ಅಕ್ಟೋಬರ್‌ನಲ್ಲಿ ಇಪೀಟ್ ತಾನೇ ತೀರ್ಮಾನಿಸಿತು. ಸಾಮಾನ್ಯ ಉಪಕರಣಗಳಿಂದ ಬಿಡಿಸುವಂತಿರಬೇಕು ಎಂಬ ಮಾನದಂಡದ ಮಾತಿಗೆ ಅರ್ಥ ಎಷ್ಟು ಹಿಗ್ಗಬಲ್ಲದು ನೋಡಿ. ಅಂಶಗಳನ್ನು ಪೂರೈಸಿದ್ದೇವೆಂದು ಮೊದಲು ಘೋಷಿಸುತ್ತಿದ್ದವರು ತಯಾರಕರೇ, ತಪಾಸಣೆ ನಡೆಯುತ್ತಿದ್ದದ್ದು ಆಮೇಲೆ.

ಇನ್ನೂ ಮುಖ್ಯವಾದ ಮಾತೊಂದಿದೆ. ಲ್ಯಾಪ್‌ಟಾಪ್‌ನಿಂದ ಆಗುವ ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ಅದು ನಮ್ಮ ಮನೆಗೆ ಬರುವ ಮೊದಲೇ, ಚಿಪ್ ಮತ್ತು ಪರದೆಗಳ ತಯಾರಿಕೆಯಲ್ಲೇ ಸಂದಿರುತ್ತದೆ. ಹಾಗಿರುವಾಗ ಶಕ್ತಿನಗರದ ಕಲ್ಲಿದ್ದಲಿನ ವಿದ್ಯುತ್ತನ್ನು ತುಸು ಉಳಿಸಲೆಂದು ಮುದ್ರೆಯಿರುವ ಹೊಸ ಯಂತ್ರ ತರುವುದಕ್ಕಿಂತ, ಇರುವುದನ್ನೇ ಇನ್ನೂ ನಾಲ್ಕು ವರ್ಷ ನಡೆಸುವುದು ಪರಿಸರಕ್ಕೆ ಮಾಡುವ ದೊಡ್ಡ ಉಪಕಾರ. ಅದೇ ಅಂಗಡಿಯಲ್ಲಿ ಜೋಡಿಸಿಕೊಟ್ಟ ಡೆಸ್ಕ್‌ಟಾಪ್‌ನ ಪ್ರತಿ ಭಾಗವನ್ನೂ ಒಂದು ಸ್ಕ್ರೂಡ್ರೈವರಿನಿಂದ ಬದಲಿಸಬಹುದು. ಆದರೆ ನೋಂದಣಿ ಶುಲ್ಕ, ಕಡತಗಳ ಖರ್ಚು ತೆರಲಾರದ ಅಂಗಡಿಯವರಿಗೆ ಮುದ್ರೆ ಸಿಗುವುದಿಲ್ಲ. ಮುದ್ರೆ ಕಡ್ಡಾಯವಾದ ದಿನ ಅವರು ಟೆಂಡರಿನಿಂದಲೇ ಹೊರಗುಳಿಯುತ್ತಾರೆ.

ಸೀಸ, ಪಾದರಸಗಳ ಮಿತಿಯನ್ನು ನಮ್ಮ ಇ-ತ್ಯಾಜ್ಯ ನಿಯಮಗಳು ಈಗಾಗಲೇ ತೂಕದ 0.1 ಶೇಕಡಾಕ್ಕೆ ಕಟ್ಟಿವೆ. ಹಳೆಯದನ್ನು ಮರುಬಳಕೆಗೆ ತಲುಪಿಸುವ ಹೊಣೆಯನ್ನೂ ಅವು ತಯಾರಕರ ಮೇಲೆಯೇ ಹೊರಿಸಿವೆ. ಅವನ್ನು ಜಾರಿ ಮಾಡಿದರೆ ಸಾಕು. ಕಡ್ಡಾಯ ಮಾಡಲೇಬೇಕೆಂದಿದ್ದರೆ ಫ್ರಾನ್ಸ್ 2021ರ ಜನವರಿಯಿಂದ ಲ್ಯಾಪ್‌ಟಾಪ್‌ಗಳ ಮೇಲೆ ಹತ್ತಕ್ಕೆ ಇಷ್ಟೆಂದು ಬರೆಸುತ್ತಿರುವ ರಿಪೇರಿ ಅಂಕವನ್ನು ಮಾಡಲಿ: ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಅದರ ಬೆಲೆಯೆಷ್ಟು. ಅಂಗಡಿಯ ಆ ಹುಡುಗ ನನ್ನ ಬ್ಯಾಟರಿಗಾಗಿ ಹೈದರಾಬಾದಿಗೆ ಫೋನ್ ಮಾಡಿದಾಗ, ಆ ಮಾಡೆಲ್‌ನದು ಬರುವುದು ನಿಂತಿದೆ ಎಂಬ ಉತ್ತರ ಬಂತು. ಯಂತ್ರಕ್ಕೆ ಆಗ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ.