ಬ್ರಿಟನ್ ಮೇಲೆ ಪ್ರೀತಿ ಹುಟ್ಟಲು ಎಷ್ಟು ಖರ್ಚು?

ಒಂದು ದೇಶದ ಮೇಲೆ ಮಮತೆ ಬೆಳೆಯಲು ಎಷ್ಟು ಕಾಲ ಬೇಕು? ಬ್ರಿಟನ್ ಸರ್ಕಾರ ಇದಕ್ಕೆ ದರಪಟ್ಟಿಯನ್ನೇ ಇಟ್ಟುಕೊಂಡಿತ್ತು. ಹೂಡಿಕೆದಾರರ ವೀಸಾದಲ್ಲಿ 20 ಲಕ್ಷ ಪೌಂಡ್ ಹಾಕಿದವರಿಗೆ ಐದು ವರ್ಷ. 50 ಲಕ್ಷ ಹಾಕಿದರೆ ಮೂರೇ ವರ್ಷ. ಒಂದು ಕೋಟಿ ತಂದವರಿಗೆ ಎರಡೇ ವರ್ಷಕ್ಕೆ ಕಾಯಂ ವಾಸ. ದುಡ್ಡೇ ದೊಡ್ಡಪ್ಪ ಅಂತ ಇಷ್ಟು ಅಚ್ಚುಕಟ್ಟಾಗಿ ಕಾನೂನಿನಲ್ಲಿ ಬರೆದವರು ಕಡಿಮೆ.

ಹೂಡಿಕೆ ಅಂದ ಕೂಡಲೇ ಕಾರ್ಖಾನೆ, ನೌಕರಿ ಅಂತೆಲ್ಲ ಅಂದುಕೊಳ್ಳಬೇಡಿ. 2019ರವರೆಗೆ ಸರ್ಕಾರಿ ಬಾಂಡ್ ಕೊಂಡರೂ ನಡೆಯುತ್ತಿತ್ತು. ಅಂದರೆ ಸಾಲ ಕೊಡುವುದು, ಬಡ್ಡಿ ಎಣಿಸುವುದು, ಅಸಲು ವಾಪಸ್ ಪಡೆಯುವುದು. ದೇಶ ಬೋನಸ್ಸು.

2008ರಿಂದ 2015ರವರೆಗಿನ ಕಥೆ ಇನ್ನೂ ಚೆಂದ. ಆಗ ಅಲ್ಲಿ ಬ್ಯಾಂಕ್ ಖಾತೆ ಇಲ್ಲದೆಯೇ ವೀಸಾ ಸಿಗುತ್ತಿತ್ತು. ದುಡ್ಡು ಎಲ್ಲಿಂದ ಬಂತು? 'ಬ್ಯಾಂಕಿನವರು ವಿಚಾರಿಸ್ತಾರೆ ಬಿಡಿ' ಅಂತ ವೀಸಾ ಕೊಡುವವರು. ಆ ವೀಸಾ ಹಿಡಿದು ಬ್ಯಾಂಕಿಗೆ ಹೋದರೆ, 'ಸರ್ಕಾರ ಸುಮ್ನೆ ಕೊಟ್ಟಿರುತ್ತಾ? ವಿಚಾರಿಸಿಯೇ ಕೊಟ್ಟಿರ್ತಾರೆ' ಅಂತ ಬ್ಯಾಂಕಿನವರು. ನಡುವೆ ಸೂಟ್‌ಕೇಸ್ ಆರಾಮಾಗಿ ದಾಟಿತು. 2015ರಲ್ಲಿ 'ಮೊದಲು ಖಾತೆ ತೆರೆಯಿರಿ' ಅಂದರು. ಅರ್ಜಿಗಳು ದಿಢೀರನೆ ಕುಸಿದವು. ಲಂಡನ್ನಿನಲ್ಲಿ ಆ ವರ್ಷ ಚಳಿ ಜಾಸ್ತಿ ಇತ್ತೇನೋ! (ಕನಿಷ್ಠ ಮೊತ್ತ 10 ಲಕ್ಷದಿಂದ 20 ಲಕ್ಷಕ್ಕೆ ಏರಿದ್ದೂ ಆಗತಾನೇ, ಅದನ್ನೂ ಹೇಳಿಬಿಡೋಣ.) ಕೊನೆಗೆ 2022ರ ಫೆಬ್ರವರಿ 17ರಂದು ಬಾಗಿಲು ಹಾಕಿದರು. ಒಂದು ವಾರಕ್ಕೆ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಅಷ್ಟರಲ್ಲಿ ಶ್ರೀಮಂತ ರಷ್ಯನ್ನರು ಎಷ್ಟೋ ಜನ ಒಳಗೆ ಬಂದು ಕೂತಿದ್ದರು.

ಈಗ ದುಡ್ಡಿನ ಬದಲು ತಲೆ ಇದ್ದವರಿಗೆ ಆಹ್ವಾನ. 2023ರಿಂದ 'ಇನ್ನೊವೇಟರ್ ಫೌಂಡರ್' ವೀಸಾ ಬಂದಿದೆ. ನಿಮ್ಮ ಬಿಸಿನೆಸ್ ಐಡಿಯಾ ಹೊಸದು, ನಡೆಯುವಂಥದ್ದು, ಬೆಳೆಯುವಂಥದ್ದು ಅಂತ ಅನುಮೋದಕ ಸಂಸ್ಥೆಯೊಂದು ಪತ್ರ ಕೊಡಬೇಕು. ಪರಿಶೀಲನೆಗೆ 1,000 ಪೌಂಡ್ ಶುಲ್ಕ. ಹಳೆಯ ಮಾದರಿಯ ಅಂಗಡಿ ಇಟ್ಟು ನಾಲ್ಕು ಜನರಿಗೆ ಸಂಬಳ ಕೊಡುತ್ತೇನೆ ಅನ್ನುವವರು ದಯವಿಟ್ಟು ಮುಂದೆ ಹೋಗಿ.

ಮೂರು ವರ್ಷದ ಮೇಲೆ ಕಾಯಂ ವಾಸ ಕೇಳಬಹುದು. ಅದಕ್ಕೆ ಬ್ರಿಟನ್ನಿನ ಇತಿಹಾಸ, ಬದುಕಿನ ಬಗ್ಗೆ 45 ನಿಮಿಷದಲ್ಲಿ 24 ಪ್ರಶ್ನೆಗಳ ಪರೀಕ್ಷೆ ಪಾಸಾಗಬೇಕು. ಇಂಗ್ಲೆಂಡಿನ ಹಳೇ ರಾಜ ಎಂಟನೇ ಹೆನ್ರಿಯ ಆರೂ ಹೆಂಡಿರ ಹೆಸರು ಓದಿಕೊಂಡಿದ್ದರೆ ಒಳ್ಳೆಯದು, ಪಠ್ಯದಲ್ಲಿ ಅವರೂ ಇದ್ದಾರೆ. ಜೊತೆಗೆ ವ್ಯವಹಾರದ ಏಳು ಷರತ್ತುಗಳಲ್ಲಿ ಎರಡನ್ನು ಪೂರೈಸಬೇಕು. ಅವುಗಳಲ್ಲೊಂದು: ಮೂರು ವರ್ಷದಲ್ಲಿ ಗ್ರಾಹಕರು ದುಪ್ಪಟ್ಟಾಗಿರಬೇಕು, ಅಂಥದ್ದೇ ಸರಕು ಮಾರುವ ಬೇರೆ ಕಂಪನಿಗಳ ಸರಾಸರಿಗಿಂತ ಜಾಸ್ತಿಯೂ ಇರಬೇಕು.

ಐಡಿಯಾ ಹೊಸದು ಅಂತ ತಾನೇ ಒಳಗೆ ಬಿಟ್ಟಿದ್ದು? ಈಗ ಅಂಥದ್ದೇ ಮಾಡುವವರನ್ನು ಎಲ್ಲಿಂದ ಹುಡುಕಿ ತರೋದು? ಅನುಮೋದಕ ಸಂಸ್ಥೆಯನ್ನೇ ಕೇಳಿ ನೋಡಿ. ಅವರ ಜೊತೆ ಹೇಗಿದ್ದರೂ ಆಗಾಗ ಭೇಟಿ ಕಡ್ಡಾಯ. ಒಂದು ಭೇಟಿಗೆ 500 ಪೌಂಡ್.