ಕುಕ್ಕರ್ ಕೂಗಿದಾಗ
ಆಟಿಸಂ, ಅಂದರೆ ಮಿದುಳಿನ ಬೆಳವಣಿಗೆಯಲ್ಲೇ ಭಿನ್ನತೆ ಇರುವ ಮಕ್ಕಳು ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದು ಹಟವಲ್ಲ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಓದಿ ಕಣ್ಣು ತುಂಬಿ ಬಂತು. ನನ್ನ ಮಗನಿಗೆ ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ) ಎರಡೂ ಇವೆ. ಕುಕ್ಕರ್ ಕೂಗಿದರೆ ಮಂಚದ ಕೆಳಗೆ ಹೋಗಿ ಕೂರುತ್ತಾನೆ. ಅಂಗಿಯ ಕಾಲರ್ ಹಿಂದಿನ ಚೀಟಿ ಕತ್ತರಿಸದಿದ್ದರೆ ಹಾಕಿಕೊಳ್ಳುವುದೇ ಇಲ್ಲ. ಅದೇ ಹುಡುಗನಿಗೆ ಉಯ್ಯಾಲೆ ಮಾತ್ರ ಒಂದು ಗಂಟೆ ಆಡಿದರೂ ಸಾಲದು. ಸದ್ದು ಜಾಸ್ತಿ ತಾಗುತ್ತದೆ, ತೂಗಾಟ ಕಮ್ಮಿ ಅನಿಸುತ್ತದೆ. 2013ರವರೆಗೆ ಅಮೆರಿಕದ ಮನೋವೈದ್ಯರ ಕೈಪಿಡಿ ಆಟಿಸಂ, ಎಡಿಎಚ್‌ಡಿ ಎರಡನ್ನೂ ಒಂದೇ ಮಗುವಿನಲ್ಲಿ ಗುರುತಿಸಲು ಬಿಡುತ್ತಿರಲಿಲ್ಲ. ಎಷ್ಟು ಮಕ್ಕಳಿಗೆ ಅರ್ಧ ಸಹಾಯವಷ್ಟೇ ಸಿಕ್ಕಿರಬೇಕು, ಅಲ್ವಾ?

ಮೊನ್ನೆ ಮದುವೆ ಮನೆಯಲ್ಲಿ ವಾಲಗ ಶುರುವಾದಾಗ ಕಿರುಚಿದ. “ಎರಡು ಬಿಟ್ಟರೆ ಸರಿಹೋಗ್ತಾನೆ” ಅಂದರು ಹಿರಿಯರೊಬ್ಬರು. ಎತ್ತಿಕೊಂಡು ಹೊರಗೆ ಮಾವಿನ ಮರದ ಕೆಳಗೆ ಬಂದೆ. ಸುಮ್ನೆ ಬಿಗಿಯಾಗಿ ತಬ್ಬಿಕೊಂಡು ಕೂತೆ. ಹತ್ತು ನಿಮಿಷಕ್ಕೆ ತಾನಾಗಿಯೇ ಕಿವಿಯಿಂದ ಕೈ ತೆಗೆದ.